ನಮ್ಮತ್ತೆ ಕೇಳಿ ತಂದ ಫೋರ್ಸ್

ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ನನ್ನ ಮೊಮ್ಮಗಳು, ಫೋರ್ಸೇ ಇಲ್ಲ ಅಜ್ಜಿ, ಅನ್ನುತ್ತಾಳೆ. ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಲು ಹೋದರೆ, ಫೋರ್ಸ್ ಮಾಡಬೇಡ, ಅನ್ನುತ್ತಾಳೆ. ಹೋದ ವಾರ ಅವಳ ಭೌತಶಾಸ್ತ್ರದ ಪುಸ್ತಕ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಅದರಲ್ಲಿ ಫೋರ್ಸಿಗೆ ಬಲ ಎಂದು ಬರೆದು ಪಕ್ಕದಲ್ಲಿ ಒಂದು ಬಾಣ ಎಳೆದಿದ್ದರು. ಬಾಣ ಯಾಕೆ ಅಂತ ಕೇಳಿದೆ. ಫೋರ್ಸ್ ಅಂದಮೇಲೆ ಅದಕ್ಕೊಂದು ದಿಕ್ಕು ಇರಲೇಬೇಕಂತೆ. ಎಷ್ಟು ಜೋರು ಅನ್ನುವುದೊಂದೇ ಸಾಲದಂತೆ, ಎತ್ತ ಕಡೆಗೆ ಅನ್ನುವುದೂ ಬೇಕಂತೆ. ನನಗೆ ನಗು ಬಂತು. ಈ ಪಾಠ ನನಗೆ ಇಪ್ಪತ್ತು ತುಂಬುವ ಮೊದಲೇ ಆಗಿತ್ತು, ಶಿಕಾರಿಪುರ ಸೀಮೆಯ ಒಂದು ಕಾಲುವೆಯ ಏರಿಯ ಮೇಲೆ, ನಮ್ಮತ್ತೆಯ ಬಾಯಿಂದ. ಮೊಮ್ಮಗಳಿಗೆ ಹೇಳಲು ಹೋದೆ, ಅವಳಿಗೆ ಮರುದಿನ ಪರೀಕ್ಷೆ, ಕೇಳಲು ಪುರಸೊತ್ತಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೊರಬದ ಕಡೆಯವಳು, ಹೊಸಬಾಳೆಯ ಮಗಳು. ಮದುವೆಯಾಗಿ ಬಂದದ್ದು ಅಂಜನಾಪುರದ ಕೆರೆಯ ನೀರು ಹರಿಯುವ ಊರಿಗೆ. ಎರಡೂ ಊರು ಒಂದೇ ಜಿಲ್ಲೆ, ಒಂದೇ ಮಾತು ಅಂತ ದೊಡ್ಡವರು ಹೇಳಿ ಕಳಿಸಿದ್ದರು. ಬಂದಮೇಲೆ ಗೊತ್ತಾಯಿತು, ಒಂದೇ ಅಂತೆ ಒಂದೇ. ನಾವು ಅಗೆ ಅನ್ನುವ ಭತ್ತದ ಪೈರಿಗೆ ಇಲ್ಲಿ ಸಸಿ ಅನ್ನುತ್ತಿದ್ದರು. ನಾನು ಇದೆ ಅಂದರೆ ಇವರು ಐತಿ ಅನ್ನುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ನೀರು ಬೇರೆ. ನಮ್ಮ ಕಡೆ ನೀರು ತನ್ನ ಪಾಡಿಗೆ ತಾನು ಬರುತ್ತಿತ್ತು. ಮೇಲಿನ ಗದ್ದೆ ತುಂಬಿದರೆ ಬದು ದಾಟಿ ಕೆಳಗಿನ ಗದ್ದೆಗೆ ಇಳಿಯುತ್ತಿತ್ತು, ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ನೀರಿಗೂ ಸರದಿ ಕಾಯಬೇಕು ಅಂತ ಇಲ್ಲಿ ಬಂದು ಕೇಳಿದಾಗ ನಾನು ಮೂಗು ಮುರಿದಿದ್ದೆ. ಅಂಥ ಕೊಬ್ಬು ಆಗ.

ಮನೆಯಲ್ಲಿ ಇದ್ದವರು ಮೂವರೇ. ಅತ್ತೆ, ನಮ್ಮ ಮನೆಯವರು, ನಾನು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆ ಬಡಕಲು ಹೆಂಗಸು, ಆದರೆ ಆ ದನಿ ಇತ್ತಲ್ಲ, ಹಿತ್ತಲಲ್ಲಿ ನಿಂತು ಕರೆದರೆ ಆಚೆ ಹೊಲದಲ್ಲಿದ್ದ ಎತ್ತು ತಲೆ ಎತ್ತುತ್ತಿತ್ತು. ಹಣೆ ತುಂಬ ವಿಭೂತಿ, ಸೊಂಟಕ್ಕೆ ಬಿಗಿದ ಸೆರಗು, ನಡಿಗೆಯಲ್ಲಿ ಯಾವಾಗಲೂ ಬಸ್ಸು ತಪ್ಪಿಹೋಗುತ್ತದೇನೋ ಅನ್ನುವ ಅವಸರ. ಒಂದು ಕೆಲಸ ಹೇಳಿದರೆ ಅದು ಮುಗಿಯುವ ಮೊದಲೇ ಇನ್ನೆರಡು ಹೇಳುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಆಗಲೇ ಒಳಗೊಳಗೆ ಅವರನ್ನು ಮೆಚ್ಚುತ್ತಿದ್ದೆ ಅನ್ನುವುದನ್ನು ಈಗ ಹೇಳಿದರೆ ನಷ್ಟವೇನಿಲ್ಲ.

ನಮ್ಮ ಗದ್ದೆ ಕಾಲುವೆಯ ಕಟ್ಟಕಡೆಯದು. ದೊಡ್ಡ ಕಾಲುವೆಯಿಂದ ನಮ್ಮೂರಿಗೆ ಒಂದು ಕವಲು ಬರುತ್ತಿತ್ತು. ಕವಲಿನ ಮೊದಲಿಗೆ ತೂಬು. ತೂಬಿನಿಂದ ನಮ್ಮ ಗದ್ದೆಯವರೆಗೆ ಉದ್ದಕ್ಕೂ ಎರಡೂ ಕಡೆ ಬೇರೆಯವರ ಗದ್ದೆಗಳು, ಪ್ರತಿ ಗದ್ದೆಗೂ ಕಾಲುವೆಯ ಏರಿಯಲ್ಲಿ ನೀರು ಇಳಿಯಲು ಕೊರೆದ ಒಂದು ದಾರಿ. ಅದಕ್ಕೆ ಬಾಯಿ ಅನ್ನುತ್ತಿದ್ದರು. ಕಾಲುವೆ ಬಂದ ಹೊಸತರಲ್ಲಿ ನಮ್ಮದು ಬರೀ ದಿನ್ನೆ, ಮಳೆಯನ್ನೇ ನಂಬಿದ ಖುಷ್ಕಿ ಜಮೀನು. ಅತ್ತೆ ಆಗ ಹೊಸ ಸೊಸೆ. ಗಂಡ ಅಗೆಯುತ್ತಾ ಹೋದಂತೆ ಇವರು ಬುಟ್ಟಿಯಲ್ಲಿ ಮಣ್ಣು ಹೊತ್ತು ಹೊತ್ತು ಆ ದಿನ್ನೆಯನ್ನು ಸಮ ಮಾಡಿ, ನೀರು ನಿಲ್ಲುವ ತರಿ ಗದ್ದೆ ಮಾಡಿದ್ದರು. ತಲೆಯ ನಡುವೆ ಒಂದು ಕಡೆ ಅವರಿಗೆ ಕೂದಲೇ ಇರಲಿಲ್ಲ, ಬುಟ್ಟಿ ಕೂತು ಕೂತು ಸವೆದದ್ದು. ಎಣ್ಣೆ ಹಚ್ಚುವಾಗ ನಾನೇ ನೋಡಿದ್ದೇನೆ.

ಅಷ್ಟು ಮಾಡಿದ ಗದ್ದೆ ನಾನು ಬಂದ ವರ್ಷ ಬೀಳುಬಿತ್ತು. ಕಾಲುವೆಯಲ್ಲಿ ನೀರು ಬಿಟ್ಟಿದ್ದರು, ಮೇಲಿನ ಗದ್ದೆಗಳು ನಾಟಿಯಾದವು, ನಮ್ಮ ಬಾಯಿಯ ಹತ್ತಿರ ಬರುವಷ್ಟರಲ್ಲಿ ಅದು ನೀರೋ ಬೆವರೋ ಅನ್ನುವಂತಿತ್ತು. ಮಳೆಯೂ ಅಷ್ಟಕ್ಕಷ್ಟೆ. ಸಸಿ ಮಡಿಯಲ್ಲೇ ಬಲಿತು ಗಂಟು ಬಿಟ್ಟು ದನದ ಬಾಯಿಗೆ ಹೋಯಿತು. ಅದರ ಹಿಂದಿನ ವರ್ಷವೂ ಅರ್ಧ ಹೀಗೇ ಆಗಿತ್ತಂತೆ. ನಮ್ಮ ಮನೆಯವರು ಬೇಸತ್ತಿದ್ದರು. ಊರಿನ ಆಚೆ ಕಡೆಯ ಒಬ್ಬರು, ನಿಮ್ಮ ಗದ್ದೆ ನಮಗೆ ಕೊಡಿ, ನಮ್ಮ ಜೋಳದ ಹೊಲ ನೀವು ತಗೊಳ್ಳಿ, ಅಂತ ಬದಲಿಗೆ ಕೇಳಿದ್ದರು. ಅವರಿಗೆ ಅದು ಇಟ್ಟಿಗೆ ಸುಡಲು ಬೇಕಿತ್ತು. ನಮ್ಮ ಮನೆಯವರು ಹೂಂ ಅನ್ನುವುದರಲ್ಲಿದ್ದರು. ಅತ್ತೆ ತಡೆದರು. ಇದೊಂದು ಸಲ ನೋಡೋಣ, ಈ ಸಲವೂ ನಾಟಿ ಆಗದಿದ್ದರೆ ಕೊಟ್ಟುಬಿಡು, ನಾನು ಬಾಯಿ ಬಿಡುವುದಿಲ್ಲ, ಅಂದರು. ಅದು ನಯಾಪೈಸೆ ಬಂದ ವರ್ಷವೋ ಅದರ ಮರುವರ್ಷವೋ, ಅಂತೂ ಐವತ್ತರ ದಶಕದ ಕೊನೆ. ಆ ಬೇಸಿಗೆಯಲ್ಲಿ ನನಗೆ ತವರಿಗೂ ಹೋಗಲು ಆಗಿರಲಿಲ್ಲ. ಇಲ್ಲೇ ಹತ್ತಿರ ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಜನಕ್ಕೂ ಎಂಥದೋ ಜ್ವರ, ಸದ್ಯಕ್ಕೆ ಬರಬೇಡ ಅಂತ ಅಪ್ಪ ಹೇಳಿ ಕಳಿಸಿದ್ದರು. ಹಾಗಾಗಿ ಆ ಗದ್ದೆಯ ಗೋಳನ್ನೆಲ್ಲ ನಾನು ಕೂತು ನೋಡಬೇಕಾಯಿತು.

ಈಗ ನಮ್ಮ ಕವಲಿನ ಹಿರಿಯರ ವಿಷಯ ಹೇಳಬೇಕು. ತೂಬಿನ ಪಕ್ಕದ ಮೊದಲ ಗದ್ದೆ ಅವರದು. ವಯಸ್ಸಾದ ಮನುಷ್ಯ, ಒಂದು ಕಾಲು ಸ್ವಲ್ಪ ಎಳೆಯುತ್ತಿದ್ದರು. ಅವರು ಯಜಮಾನಿಕೆಗೆ ಬರುವ ಮೊದಲು ನೀರಿಗಾಗಿ ತಲೆ ಒಡೆದುಕೊಂಡವರು ಎಷ್ಟೋ ಮಂದಿ. ಇವರು ಬಂದು ಒಂದು ಕಟ್ಟಳೆ ಮಾಡಿದರು. ಒಂದು ಗೇಣು ಉದ್ದದ ಬಿದಿರಿನ ಕೋಲು ಕಡಿದು, ಎಲ್ಲ ಗದ್ದೆಯ ಬಾಯಿಯೂ ಇಷ್ಟೇ ಅಗಲ, ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಮ್ಮಿಯಿಲ್ಲ, ಅಂದರು. ವಾರಕ್ಕೊಂದು ದಿನ ನಮ್ಮ ಕವಲಿಗೆ ನೀರಿನ ಸರದಿ. ಬೆಳಿಗ್ಗೆ ತೂಬಿನ ಹತ್ತಿರ ಕಾಯಿ ಒಡೆದು ಎಲ್ಲರೂ ಒಟ್ಟಿಗೆ ಬಾಯಿ ತೆರೆಯಬೇಕು, ಸೂರ್ಯ ಮುಳುಗಿದಾಗ ಕಾಲುವೆಯ ನೀರು ಬಿಡುವ ಆಳು, ನೀರುಗಂಟಿ, ತೂಬು ಮುಚ್ಚುತ್ತಾನೆ. ಹಿರಿಯರು ಕೋಲು ಹಿಡಿದು ಏರಿಯ ಉದ್ದಕ್ಕೂ ನಡೆದು ಒಂದೊಂದು ಬಾಯಿಯನ್ನೂ ಅಳೆಯುವರು. ಸ್ವಂತ ಗದ್ದೆಯ ಬಾಯಿಯನ್ನು ಎಲ್ಲರ ಎದುರಿಗೆ ಎರಡು ಸಲ ಅಳೆಯುವರು. ಜಗಳ ನಿಂತುಹೋಯಿತು. ಅವರ ನ್ಯಾಯಕ್ಕೆ ಊರು ತಲೆಬಾಗುತ್ತಿತ್ತು, ನಾನೂ ತಲೆಬಾಗುತ್ತೇನೆ. ನಮ್ಮ ಬಾಯಿಯೂ ಸರಿಯಾಗಿ ಒಂದು ಗೇಣೇ ಇತ್ತು. ಅದರಲ್ಲಿ ನೀರು ಬರುತ್ತಿರಲಿಲ್ಲ, ಅಷ್ಟೆ.

ಅತ್ತೆ ಇದೊಂದು ಸಲ ಅಂದಿದ್ದ ಆ ವರ್ಷವೂ ಮೊದಲ ಸರದಿ ಹೀಗೇ ಹೋಯಿತು. ಮರುದಿನ ಅತ್ತೆ ಮಡಿಸೀರೆ ಉಟ್ಟು, ನನ್ನನ್ನು ಜೊತೆಗೆ ಎಳೆದುಕೊಂಡು, ಅಂಜನಾಪುರಕ್ಕೆ ಕಾಲುವೆ ನೋಡಿಕೊಳ್ಳುವ ಓವರ್ಸಿಯರ್ ಹತ್ತಿರ ಹೊರಟರು. ನಮ್ಮ ಮನೆಯವರು ಬರಲಿಲ್ಲ. ಹೋಗಿ ಬರ್ರಿ, ನಿಮಗೂ ತಿಳೀಲಿ, ಅಂದರು. ಓವರ್ಸಿಯರ್ ಎಳೆಯ ವಯಸ್ಸಿನವರು, ಮೈಸೂರು ಕಡೆಯ ಮಾತು, ಖಾಕಿ ಚಡ್ಡಿ, ಮೊಣಕಾಲಿನವರೆಗೆ ಕಾಲುಚೀಲ. ಹೆಂಗಸರು ಬಂದದ್ದು ನೋಡಿ ಎದ್ದು ನಿಂತರು. ಅದೊಂದಕ್ಕೇ ಅತ್ತೆಗೆ ಅವರ ಮೇಲೆ ಅಭಿಮಾನ ಬಂದುಬಿಟ್ಟಿತು. ನೀರು ಕಮ್ಮಿ ಬಿಡ್ತೀರಿ ಅಂತ ಇವರು ಶುರುಮಾಡಿದರು. ಆತ ತಾಳ್ಮೆಯಿಂದ ಕೇಳಿ ಹೇಳಿದರು: "ನೀರು ಬೇಕಾದಷ್ಟು ಬಿಟ್ಟಿದ್ದೀವಿ ಅಮ್ಮ. ನಿಮ್ಮ ಗದ್ದೆ ಹತ್ತಿರ ಬರೋ ಹೊತ್ತಿಗೆ ಅದಕ್ಕೆ ಫೋರ್ಸ್ ಇರಲ್ಲ."

ಅತ್ತೆ ಆ ಮಾತನ್ನು ಮೊದಲ ಸಲ ಕೇಳಿದ್ದು. ಅರ್ಥ ಕೇಳಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಇಲ್ಲ ಅಂದದ್ದನ್ನು ಅರ್ಜಿ ಹಾಕಿ ಪಡೆಯಬೇಕು ಅನ್ನುವುದು ನಮ್ಮ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಬೀಜ ಹಾಗೆ, ಗೊಬ್ಬರ ಹಾಗೆ. ಅವರು ಸೆರಗು ಸರಿಮಾಡಿಕೊಂಡು, "ಹಂಗಾರೆ ನಮ್ಮ ಕವಲಿಗೆ ಒಂದೀಟು ಫೋರ್ಸ್ ಕೊಡ್ರಿ ಸ್ವಾಮಿ. ಎಲ್ಲಿ ಇಟ್ಟೀರಿ ಹೇಳ್ರಿ, ಗಾಡಿ ಕಟ್ಟಿಕೊಂಡು ಬತ್ತೀವಿ," ಅಂದರು.

ನಾನು ತಲೆ ತಗ್ಗಿಸಿದೆ. ಓವರ್ಸಿಯರ್ ನಗಲಿಲ್ಲ. ಆ ಪುಣ್ಯಾತ್ಮ ನಗದೆ ಇದ್ದದ್ದನ್ನು ನಾನು ಇವತ್ತಿಗೂ ನೆನೆಯುತ್ತೇನೆ. ಅದು ನಮ್ಮ ಹತ್ತಿರ ಇಡುವಂಥದ್ದಲ್ಲ ಅಮ್ಮ, ನೀರಿನ ಜೊತೆಗೇ ಇರುವಂಥದ್ದು, ಅಂತ ಶುರುಮಾಡಿ ವಿವರವಾಗಿ ತಿಳಿಸಿದರು. ತೂಬಿನಿಂದ ಹೊರಟ ನೀರಿನ ಹಿಂದೆ ಇನ್ನಷ್ಟು ನೀರು ಒತ್ತುತ್ತಿರುತ್ತದೆ. ಒಂದೇ ದಾರಿ ಇದ್ದರೆ ಅಷ್ಟೂ ಒಂದೇ ಕಡೆಗೆ ನುಗ್ಗುತ್ತದೆ. ಎಲ್ಲ ಬಾಯಿಯೂ ಒಟ್ಟಿಗೆ ತೆರೆದರೆ ಮೊದಲಿನವು ಹೀರಿಕೊಳ್ಳುತ್ತವೆ, ಮಟ್ಟ ಇಳಿಯುತ್ತದೆ, ಕೊನೆಯದನ್ನು ಒತ್ತಲು ಏನೂ ಉಳಿದಿರುವುದಿಲ್ಲ. ಬಾಯಿ ಅಳತೆ ಒಂದೇ ಆದರೂ ನೀರು ಒಂದೇ ಆಗುವುದಿಲ್ಲ. ನನ್ನ ಕೆಲಸ ತೂಬಿನವರೆಗೆ ಮಾತ್ರ, ಅದರಿಂದ ಈಚೆಗೆ ನಿಮ್ಮ ಊರಿನವರೇ ಕೂತು ಯೋಚಿಸಬೇಕು, ಅಂದರು. ಅತ್ತೆ ಎಲ್ಲವನ್ನೂ ಕೇಳಿ, ಕೈ ಮುಗಿದು, ಹೊರಗೆ ಬಂದರು.

ವಾಪಸು ಬರುವಾಗ ಅರ್ಧ ದಾರಿಯವರೆಗೆ ಅವರು ಫೋರ್ಸ್, ಫೋರ್ಸ್ ಅಂತ ಆ ಒಂದೇ ಮಾತನ್ನು ಗೊಣಗುತ್ತಾ ನಡೆದರು. ನನಗೆ ಗಾಬರಿಯೇ ಆಯಿತು, ಹೀಗೆಂದೂ ಆದದ್ದಿಲ್ಲ. ಆಮೇಲೆ ಎದುರಿಗೆ ಒಂದು ಗಾಡಿ ಬಂತು. ಭಾರೀ ಎತ್ತುಗಳು, ಗಾಡಿ ಮಾತ್ರ ಅಳುತ್ತಾ ಬರುತ್ತಿತ್ತು, ಒಂದು ಎತ್ತು ಬಲಕ್ಕೆಳೆದರೆ ಇನ್ನೊಂದು ಎಡಕ್ಕೆ. ಅತ್ತೆ ನಿಂತು ನೋಡಿ, ಬಲ ಐತಿ, ಫೋರ್ಸ್ ಇಲ್ಲ, ಅಂದರು. ನಾನು ತಿರುಗಿ ಅವರ ಮುಖ ನೋಡಿದೆ. ಅವರಿಗೆ ಅದು ಸರಿಯಾಗಿ ತಲೆಗೆ ಹತ್ತಿತ್ತು. ನಮ್ಮಲ್ಲಿ ಜೋರು, ರಭಸ, ಸೆಳವು, ಶಕ್ತಿ ಅಂತ ಇಷ್ಟೆಲ್ಲ ಮಾತಿದ್ದರೂ ಆ ಗಾಡಿಗೆ ಬೇಕಾದದ್ದು ಅವುಗಳಲ್ಲಿ ಯಾವುದೂ ಆಗಿರಲಿಲ್ಲ. ಎರಡು ಎತ್ತಿನ ಶಕ್ತಿ ಒಂದು ಕಡೆಗೆ ಹೋಗಬೇಕಿತ್ತು. ಅದಕ್ಕೆ ಅವರಿಗೆ ಈಗ ಒಂದು ಹೆಸರು ಸಿಕ್ಕಿತ್ತು.

ಸಿಕ್ಕಿದ್ದೇ ತಡ, ಮನೆಯಲ್ಲಿ ಬೇರೆ ಮಾತೇ ಇಲ್ಲ. ಒಲೆಯಲ್ಲಿ ಕಟ್ಟಿಗೆ ಹರಡಿಕೊಂಡು ಉರಿದರೆ ಫೋರ್ಸ್ ಇಲ್ಲ, ಮಧ್ಯಕ್ಕೆ ಕೂಡಿಸು. ಮಜ್ಜಿಗೆ ಕಡೆಯುವಾಗ ನಾನು ಹಗ್ಗ ಹೇಗೆಂದರೆ ಹಾಗೆ ಎಳೆದರೆ ಫೋರ್ಸ್ ಇಲ್ಲ. ಮಠದಿಂದ ಬಂದ ಸ್ವಾಮಿಗಳು ಒಂದು ಗಂಟೆ ಉಪದೇಶ ಮಾಡಿ ಎಲ್ಲೆಲ್ಲೋ ಹೋಗಿ ಬಂದರು, ಪಾದಕ್ಕೆ ಬಿದ್ದು ಎದ್ದು ಹೊರಗೆ ಬಂದಮೇಲೆ ಅತ್ತೆ ನನ್ನ ಕಿವಿಯಲ್ಲಿ, ಒಳ್ಳೆ ಮಾತು, ಫೋರ್ಸ್ ಸಾಲದು, ಅಂದರು. ಉಪ್ಪಿನಕಾಯಿ ಖಾರವಿಲ್ಲದಿದ್ದರೂ ಫೋರ್ಸಿಲ್ಲ ಅಂದಾಗ ನಾನು ಸುಮ್ಮನಿರಲಾಗದೆ, ಅದಕ್ಕೆಲ್ಲ ಹಾಗನ್ನುವುದಿಲ್ಲ ಅತ್ತೆ, ಅಂದೆ. ನಿನಗೇನು ಗೊತ್ತು ಸೊರಬದೋಳಿಗೆ, ಅಂತ ನನ್ನ ಬಾಯಿ ಮುಚ್ಚಿಸಿದರು. ನಾನು ಸಿಟ್ಟಿಗೆ ಪಾತ್ರೆ ಕುಕ್ಕಿದೆ. ನೋಡು, ಈಗ ಬಂತು ಫೋರ್ಸು, ಅಂತ ನಕ್ಕರು. ಸಿಟ್ಟು ಇಳಿದೇ ಹೋಯಿತು. ಇಂಥವರ ಜೊತೆ ಜಗಳ ಆಡುವುದಾದರೂ ಹೇಗೆ?

ಇಷ್ಟರ ನಡುವೆಯೂ ಅವರ ಮನಸ್ಸು ಗದ್ದೆಯಲ್ಲೇ ಇತ್ತು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಕುಡುಗೋಲಿನಿಂದ ಉದ್ದಕ್ಕೊಂದು ಗೀರು ಕೊರೆದು, ಅದಕ್ಕೆ ಅಲ್ಲಲ್ಲಿ ಬಾಯಿ ಬಿಡಿಸಿ, ಸಣ್ಣದೊಂದು ಕಾಲುವೆ ಮಾಡಿದರು. ಕೊಡದಲ್ಲಿ ನೀರು ತಂದು ಮೇಲಿಂದ ಹುಯ್ಯುವುದು ನಾನು, ಬಾಯಿ ತೆರೆದು ಮುಚ್ಚುವುದು ಅವರು. ಎಲ್ಲ ಬಾಯಿ ತೆರೆದಾಗ ಕೊನೆಯದು ಒಣಗಿಯೇ ಇತ್ತು. ಎಲ್ಲವನ್ನೂ ಮುಚ್ಚಿ ಕೊನೆಯದೊಂದನ್ನು ತೆರೆದರೆ ಅಷ್ಟು ನೀರೂ ಅಲ್ಲಿಗೆ ಹೋಯಿತು. ಅದು ತುಂಬಿದಮೇಲೆ ಅದರ ಮೇಲಿನದು, ಆಮೇಲೆ ಅದರ ಮೇಲಿನದು. ಹೀಗೆ ಕೆಳಗಿಂದ ಮೇಲಕ್ಕೆ ಬಂದರೆ ಎಲ್ಲವೂ ನೆನೆದವು. ಮತ್ತೆ ಹುಯ್ಯಿ ಅಂದರು. ಮತ್ತೆ ಹುಯ್ಯಿ. ಬಾವಿಗೂ ಹಿತ್ತಲಿಗೂ ಓಡಾಡಿ ನನ್ನ ಸೊಂಟ ಬಿದ್ದುಹೋಯಿತು.

ಮರುದಿನ ಹಿರಿಯರನ್ನು ಕರೆತಂದು ತೋರಿಸಿದರು. ಅವರು ಕಟ್ಟೆಯ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡಿದರು. ಕೊನೆಯ ಬಾಯಿ ಒಣಗಿದ್ದನ್ನು ನೋಡಿದಾಗ ಅವರ ಮುಖ ಸಣ್ಣದಾಯಿತು. ಇಷ್ಟು ವರ್ಷ ತಾನು ಸಮ ಹಂಚಿದೆ ಅಂದುಕೊಂಡಿದ್ದವರಿಗೆ ಏನಾಗಿರಬೇಡ. ಆದರೂ ಒಪ್ಪಲಿಲ್ಲ. ಅವರ ಮಾತಿನಲ್ಲಿ ಹುರುಳಿತ್ತು. ಒಬ್ಬೊಬ್ಬರೇ ತಗೊಳ್ಳೋದು ಅಂದರೆ ಮೊದಲು ಯಾರು, ಆಮೇಲೆ ಯಾರು ಅಂತ ಬರುತ್ತದೆ. ಬಾಯಿ ಮುಚ್ಚಿಕೊಂಡು ಕೂತವನಿಗೆ ತನ್ನ ಪಾಲು ಬಂದೇ ಬರುತ್ತದೆ ಅನ್ನುವ ನೆಚ್ಚಿಕೆ ಏನು. ಮತ್ತೆ ಕುಡುಗೋಲು ಹಿರಿಯುತ್ತಾರೆ. ಈ ಕಾಲು ಎಳೆಯುತ್ತಾ ಇರೋದು ಯಾಕೆ ಅಂತ ಮರೆತೆಯಾ, ಅಂದರು. ಅಂಥದೇ ಒಂದು ಜಗಳವನ್ನು ಬಿಡಿಸಲು ಹೋಗಿ ಆದ ಗಾಯವಂತೆ ಅದು. "ಮೊದಲು ಯಾರು ಅನ್ನೋದರಾಗೇ ಜಗಳ ಐತಿ ತಂಗಿ."

"ಕಡೀಗೆ ಯಾರು ಅನ್ನೋದರಾಗೆ ಇಲ್ಲಲ್ರೀ? ಕಡೀಗೆ ನಾನು," ಅಂದರು ಅತ್ತೆ.

ನಮ್ಮದು ಕಾಲುವೆಯ ಕೊನೆಯ ಗದ್ದೆ. ಕೆಳಗಿಂದ ಶುರುವಾದರೆ ಮೊದಲ ಸರದಿ ನಮ್ಮದೇ. ಅದನ್ನು ಬಿಟ್ಟುಕೊಡುತ್ತೇನೆ, ನಮ್ಮ ಮೇಲಿನ ಗದ್ದೆಯಿಂದ ಶುರುಮಾಡಿ ಮೇಲಕ್ಕೆ ಹೋಗಲಿ, ನಿಮ್ಮದೂ ಆಗಲಿ, ಎಲ್ಲರದೂ ಮುಗಿದಮೇಲೆ ಉಳಿದರೆ ನನಗೆ, ಅಂತ ಅವರು ಹೇಳಿದ್ದರ ಅರ್ಥ. ಹಿರಿಯರು ಬಗ್ಗಿ ಆ ಕೊನೆಯ ಬಾಯಿಯನ್ನು ಬೆರಳಿನಿಂದ ಅಳೆದು ನೋಡಿದರು. ಆಮೇಲೆ, ಒಂದು ಸರದಿ ನೋಡೋಣ, ಅಂದು ಎದ್ದರು. ನಮ್ಮ ಮನೆಯವರಿಗೆ ಸಂಜೆ ವಿಷಯ ಗೊತ್ತಾಗಿ ಊಟ ಬಿಟ್ಟರು. ಸಸಿ ಆಗಲೇ ಬಲಿಯುತ್ತಿತ್ತು, ಇನ್ನೊಂದು ವಾರ ತಡೆಯುವಂತಿರಲಿಲ್ಲ. ಗದ್ದೆ ಕಳೆದುಕೊಳ್ಳಲು ನೀನೇ ದಾರಿ ಮಾಡಿದೆಯಲ್ಲ ಅವ್ವ, ಅಂದರು. ನಾನು ಗಂಡನ ಪಕ್ಷವೇ ವಹಿಸಿದೆ. ನನಗಂತೂ ಇದು ಶುದ್ಧ ಹುಚ್ಚು ಅನ್ನಿಸಿತ್ತು.

ಸರದಿಯ ದಿನ ಬಂತು. ಎಲ್ಲ ಬಾಯಿಗಳಿಗೂ ಮಣ್ಣು ಮೆತ್ತಿ ಕಾಲುವೆಯಲ್ಲಿ ನೀರು ಬಿಟ್ಟರು. ಅಂಥ ನೀರನ್ನು ಆ ಕೊನೆಯಲ್ಲಿ ಯಾರೂ ನೋಡಿರಲಿಲ್ಲ. ನಮ್ಮ ಮೇಲಿನ ಗದ್ದೆಯವರು ಬಾಯಿ ತೆರೆದದ್ದೇ ನೀರು ಒಳಗೆ ನುಗ್ಗಿ, ಅವರು ಉಳುವ ಮೊದಲೇ ಹೆಂಟೆಗಳು ಕರಗಿದವು. ಮುಗಿದಮೇಲೆ ಅವರು ತಾವೇ ಮುಚ್ಚಿ ಮೇಲಿನವರನ್ನು ಕೂಗಿದರು. ಹೀಗೆ ಒಂದೊಂದೇ ಗದ್ದೆ. ಯಾರೂ ಒಂದು ಮಾತು ಹೆಚ್ಚು ಆಡಲಿಲ್ಲ, ತಮ್ಮದು ತುಂಬಿದವರು ಹೋಗಿ ಬೇರೆಯವರ ಬದು ಕಟ್ಟಿಕೊಟ್ಟರು. ನೋಡಲು ಎಷ್ಟು ಚೆಂದ ಇತ್ತು ಅಂತೀರಿ. ನಮ್ಮ ಗದ್ದೆಯ ಬಾಯಿಯೊಂದು ಮಾತ್ರ ಮುಚ್ಚಿಕೊಂಡು ಒಣಗಿ ಬಿದ್ದಿತ್ತು. ಪಕ್ಕದ ಗದ್ದೆಯಲ್ಲೇ ನೀರು ತುಂಬಿ ನಿಂತಿದೆ, ನಾವು ಮುಟ್ಟುವಂತಿಲ್ಲ.

ಮಧ್ಯಾಹ್ನದ ಮೇಲೆ ತೊಂದರೆ ಬಂತು. ನಡುವಿನ ಒಂದು ಗದ್ದೆಯ ಬದುವಿನಲ್ಲಿ ಇಲಿ ಬಿಲ ಮಾಡಿ ಆಚೆ ಹಳ್ಳಕ್ಕೆ ದಾರಿ ಮಾಡಿತ್ತು. ಎಷ್ಟು ನೀರು ಬಿಟ್ಟರೂ ಗದ್ದೆ ತುಂಬಲೊಲ್ಲದು. ಬಿಲ ಹುಡುಕಿ ತುಳಿದು ಮುಚ್ಚುವಷ್ಟರಲ್ಲಿ ಹೊತ್ತು ಜಾರಿತ್ತು. ಕೊನೆಗೆ ಮೇಲಿನ ಹಿರಿಯರ ಸರದಿ ಬಂದಾಗ ಸೂರ್ಯ ಹುಣಸೆ ಮರಗಳ ತಲೆಯ ಮಟ್ಟಕ್ಕೆ ಇಳಿದಿದ್ದ. ಅವರದು ತುಂಬುವಷ್ಟರಲ್ಲಿ ತೂಬು ಮುಚ್ಚುವ ಹೊತ್ತು. ಅತ್ತೆಯೂ ನಾನೂ ಅಲ್ಲೇ ಇದ್ದೆವು. ಹಿರಿಯರು ಸೂರ್ಯನನ್ನು ನೋಡಿದರು, ಅತ್ತೆಯನ್ನು ನೋಡಿದರು. "ನನ್ನದು ಬಿಡ್ತೀನಿ. ನೀ ತಗೋ ಹೋಗು ತಂಗಿ," ಅಂದರು.

ನಾನು ಇನ್ನೇನು ಓಡುವುದರಲ್ಲಿದ್ದೆ. ಅತ್ತೆ ನನ್ನ ಕೈ ಹಿಡಿದರು. "ಬ್ಯಾಡ್ರೀ. ಇವತ್ತು ನೀವು ದಯ ತೋರಿಸಿ ಬಿಟ್ರೆ ಮುಂದಿನ ವಾರ ಯಾರೂ ಇದನ್ನ ನಂಬಾಕಿಲ್ಲ. ಒಬ್ಬರದು ಬಿಟ್ಟರೇ ಇನ್ನೊಬ್ಬರಿಗೆ ಅಂತಾರ. ನಿಮ್ಮದು ನೀವು ತಗೊಳ್ರಿ." ಇಷ್ಟು ಹೇಳಿ ತಿರುಗಿ ನಮ್ಮ ಗದ್ದೆಯ ಕಡೆ ನಡೆದೇಬಿಟ್ಟರು. ಅವಸರವಿಲ್ಲದ ನಡಿಗೆ. ಅವರು ಹಾಗೆ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಹೋಗಲಿಲ್ಲ. ಅಲ್ಲೇ ನಿಂತೆ. ಹಿರಿಯರ ಗದ್ದೆ ತುಂಬಿತು, ಅವರು ಬಾಯಿ ಮುಚ್ಚಿದರು, ನೀರುಗಂಟಿ ಬಂದು ತೂಬಿನ ಹಲಗೆಗೆ ಕೈ ಹಾಕಿದ. ಇನ್ನು ಸ್ವಲ್ಪ ಹೊತ್ತು ಬಿಡಪ್ಪ ಅಂತ ಬೇಡಿಕೊಂಡೆ. ಬೇರೆ ಊರಿನ ಸರದಿ ಅಮ್ಮ, ನನ್ನ ಕೆಲಸ ಹೋಗ್ತದೆ, ಅಂದ. ಅವನ ತಪ್ಪೇನು? ಹಲಗೆ ಇಳಿಯಿತು. ನನಗೆ ಅಳು ತಡೆಯಲಾಗಲಿಲ್ಲ. ಮಣ್ಣು ಹೊತ್ತು ಬೋಳಾದ ಆ ತಲೆ, ನಾಳೆ ಇಟ್ಟಿಗೆಗೆ ಹೋಗುವ ಆ ಗದ್ದೆ, ಎಲ್ಲ ನೆನಪಾಗಿ ಅಲ್ಲೇ ಏರಿಯ ಮೇಲೆ ನಿಂತು ಗೋಳೋ ಅಂತ ಅತ್ತುಬಿಟ್ಟೆ.

ಹಿರಿಯರು ನನ್ನನ್ನು ಸಮಾಧಾನ ಮಾಡಲಿಲ್ಲ. ಕಾಲುವೆಯನ್ನೇ ನೋಡುತ್ತಿದ್ದರು. ಆಮೇಲೆ ಸನಿಕೆ ಎತ್ತಿಕೊಂಡು, ಬಾ ಮಗಾ, ಅಂದು ಕೆಳಗಡೆ ಹೊರಟರು. ನನಗೆ ಆಗ ಅರ್ಥವಾಯಿತು. ತೂಬು ಮುಚ್ಚಿದ್ದರೂ ಅಷ್ಟುದ್ದದ ಕಾಲುವೆಯಲ್ಲಿ ತುಂಬಿ ನಿಂತ ನೀರು ಇತ್ತು. ಪ್ರತಿ ಸರದಿಯಲ್ಲೂ ಆ ಉಳಿದ ನೀರನ್ನು ತೆರೆದ ಬಾಯಿಗಳು ನಡುದಾರಿಯಲ್ಲೇ ಕುಡಿದುಬಿಡುತ್ತಿದ್ದವು. ಈ ಸಲ ಒಂದು ಬಾಯಿಯೂ ತೆರೆದಿರಲಿಲ್ಲ. ಅಷ್ಟೂ ನೀರು ಇಳಿಜಾರು ಹಿಡಿದು ಒಂದೇ ಕಡೆಗೆ ಹೊರಟಿತ್ತು. ಹಿರಿಯರು ಕಾಲು ಎಳೆಯುತ್ತಾ ಅದರ ಪಕ್ಕದಲ್ಲೇ ನಡೆದರು. ಎಲ್ಲಿ ಹಸಿ ಮಣ್ಣಿನ ಸಂದಿಯಲ್ಲಿ ನೀರು ಜಿನುಗುತ್ತಿತ್ತೋ ಅಲ್ಲಿ ಸನಿಕೆಯಿಂದ ಮಣ್ಣು ಎಳೆದು, ಆ ಕುಂಟು ಕಾಲಿನಿಂದಲೇ ತುಳಿದು ಗಟ್ಟಿಮಾಡಿದರು. ನಾನೂ ಸೀರೆ ಎತ್ತಿ ಕಟ್ಟಿ ಇನ್ನೊಂದು ಕಡೆ ತುಳಿದೆ. ಒಂದು ಬೊಗಸೆ ನೀರು ಪಕ್ಕಕ್ಕೆ ಹೋಗಲು ಬಿಡಲಿಲ್ಲ ಆ ಮನುಷ್ಯ. ತಮ್ಮ ಸ್ವಂತ ಗದ್ದೆಗೂ ಅಷ್ಟು ಕಷ್ಟಪಟ್ಟಿರಲಿಕ್ಕಿಲ್ಲ.

ನಾವು ಮುಟ್ಟುವಾಗ ಇನ್ನೂ ಬೆಳಕಿತ್ತು. ಅತ್ತೆ ನಮ್ಮ ಬಾಯಿಯ ಮಣ್ಣು ತೆಗೆದು ಅಲ್ಲೇ ನಿಂತಿದ್ದರು. ನಮ್ಮ ಮನೆಯವರು ಬದುವಿನ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದರು. ನೀರು ಬಂತು. ಕಾಲುವೆಯ ಕೊನೆಗೆ ಬಡಿದು, ತಿರುಗಿ, ಬಾಯಿ ತುಂಬ ಒಳಗೆ ನುಗ್ಗಿತು. ಅತ್ತೆಯ ಕಾಲು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು, ಅಷ್ಟು ಒತ್ತಿ ಬಂತು. ಒಣಗಿ ಬಿರಿದ ನೆಲ ಸೊರ ಸೊರ ಅಂತ ಕುಡಿಯಲು ಶುರುಮಾಡಿ, ಕುಡಿದು ತೀರದೆ, ಮೇಲೆ ನಿಲ್ಲಿಸಿಕೊಂಡಿತು. ಗದ್ದೆಯ ಆಚೆ ಮೂಲೆಯವರೆಗೆ ನೀರು ಹೋದದ್ದನ್ನು ನಾವು ನಾಲ್ಕೂ ಜನ ನಿಂತು ನೋಡಿದೆವು.

ಹಿರಿಯರು ಸನಿಕೆ ಊರಿಕೊಂಡು ಏದುಸಿರು ಬಿಡುತ್ತಿದ್ದರು. ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಅವರಿಗೆ ಕೈ ಮುಗಿದರು. ಹೀಗಾಗುತ್ತದೆ ಅಂತ ಅತ್ತೆಗೆ ಮೊದಲೇ ಗೊತ್ತಿತ್ತೋ, ಬರೀ ಧೈರ್ಯವೋ, ನಾನು ಎಷ್ಟು ಸಲ ಕೇಳಿದರೂ ಹೇಳಲಿಲ್ಲ. ಅವತ್ತು ಮಾತ್ರ ಅವರ ಕಣ್ಣಲ್ಲಿ ನೀರಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ನಮ್ಮ ಮನೆಯವರು ಗದ್ದೆಗಿಳಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದರು. ಅತ್ತೆ ಅವರ ಕಡೆ ತಿರುಗಿದರು.

"ಬದಲಿ ಕೇಳಿದವರಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ ಅವ್ವ," ಅಂದರು ನಮ್ಮ ಮನೆಯವರು. "ಮೊದಲು ಎತ್ತು ಕಟ್ಟಿಕೊಂಡು ಬತ್ತೀನಿ."